ಯಾರು ಅಲ್ಲ, ಧಾರು

ಹೋದ ವಾರ ಮದ್ದೂರಿನಲ್ಲಿ ನಮ್ಮ ಮೇಷ್ಟ್ರ ಭಾವಚಿತ್ರಕ್ಕೆ ಹಾರ ಹಾಕಿದರು. ಬದುಕಿದ್ದಾಗ ಅವರ ಫೋಟೋ ಹಿಡಿಯಬೇಕು ಅಂತ ಯಾರಿಗೂ ಅನ್ನಿಸಿರಲಿಲ್ಲ. ಆದ್ದರಿಂದ ಯಾರೋ ಕಲಾವಿದರು ಅವರಿವರನ್ನು ಕೇಳಿ ತಿಳಿದುಕೊಂಡು ಬರೆದ ಚಿತ್ರ ಅದು. ಮೂಗು ಸುಮಾರಾಗಿ ಹೊಂದುತ್ತಿತ್ತು. ಆದರೆ ಚಿತ್ರದಲ್ಲಿ ಮೇಷ್ಟ್ರು ಎರಡೂ ಕೈ ಮುಗಿದುಕೊಂಡು, ಕಣ್ಣಲ್ಲಿ ಕರುಣೆ ತುಂಬಿಕೊಂಡು ನಿಂತಿದ್ದರು. ಅದನ್ನು ನೋಡಿದ ಕೂಡಲೇ ನನಗೆ ಸಿಟ್ಟು ನೆತ್ತಿಗೇರಿತು. ಅದು ಸಾಲದು ಅಂತ ಭಾಷಣ ಮಾಡಿದವರು ‘ಅನಾಥ ಮಕ್ಕಳ ಕಣ್ಣೀರು ಒರೆಸಿದ ಮಹನೀಯರು’ ಅಂತ ಮೂರು ಸಲ ಹೇಳಿದರು. ನಾನು ‘ಸುಳ್ಳು’ ಅಂದೆ. ಮೆಲ್ಲಗೆ ಅಂದೆ ಅಂದುಕೊಂಡಿದ್ದೆ. ಮುಂದಿನ ಸಾಲಿನವರೆಲ್ಲ ತಿರುಗಿ ನೋಡಿದರು.

ನನಗೂ ಎರಡು ನಿಮಿಷ ಮಾತಾಡಲು ಕೊಟ್ಟಿದ್ದರು. ಇದು ಎರಡು ನಿಮಿಷದಲ್ಲಿ ಮುಗಿಯುವ ಮಾತಲ್ಲ ಅಂತ ಹೇಳಿ ಕೂತುಬಿಟ್ಟೆ. ಹೇಳದೆ ಬಿಟ್ಟದ್ದು ಹೊಟ್ಟೆಯಲ್ಲಿ ಕುದಿಯುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ. ಮೇಷ್ಟ್ರು ಯಾರ ಕಣ್ಣೀರನ್ನೂ ಒರೆಸಿದವರಲ್ಲ. ಅತ್ತರೆ ಬೈಯುತ್ತಿದ್ದರು. ಕೈ ಮುಗಿದು ನಿಂತರೆ ಹತ್ತಿರ ಬಂದು ಬಿಡಿಸುತ್ತಿದ್ದರು.

ಅವರು ಬರುವುದಕ್ಕೆ ಮುಂಚಿನ ಸ್ಥಿತಿ ಹೇಳದಿದ್ದರೆ ಅವರು ಮಾಡಿದ್ದು ಏನು ಅಂತ ಗೊತ್ತಾಗುವುದಿಲ್ಲ. ನಾನು ಮಂಡ್ಯದ ಅನಾಥಾಲಯಕ್ಕೆ ಬಂದಾಗ ನನಗೆ ಏಳು ವರ್ಷ. ನಮ್ಮ ಕಡೆಗೆ ನಾಲೆ ನೀರು ಬಂದ ಹೊಸತು. ನೀರಿನ ಹಿಂದೆಯೇ ಸೊಳ್ಳೆ ಬಂತು, ಸೊಳ್ಳೆಯ ಹಿಂದೆ ಚಳಿಜ್ವರ. ಅಪ್ಪ, ಅವ್ವ ಒಂದೇ ತಿಂಗಳಲ್ಲಿ ಹೋದರು. ಸೋದರಮಾವ ಗಾಡಿಯಲ್ಲಿ ಕೂರಿಸಿಕೊಂಡು ಬಂದು, “ಬತ್ತೀನಿ ಕಣವ್ವ, ಇಲ್ಲೇ ಇರು” ಅಂದು ಹೋದ. ಇವತ್ತಿನವರೆಗೂ ಬಂದಿಲ್ಲ.

ಸಕ್ಕರೆ ಕಾರ್ಖಾನೆಯ ಸಿಳ್ಳು ಕೇಳಿಸುವಷ್ಟು ಹತ್ತಿರದಲ್ಲಿ ನಮ್ಮ ಅನಾಥಾಲಯ ಇತ್ತು. ಪೇಟೆಯವರು ಅದನ್ನು ‘ತಬ್ಬಲಿ ಹಟ್ಟಿ’ ಅನ್ನುತ್ತಿದ್ದರು. ನಡೆಸುತ್ತಿದ್ದವರು ಪೇಟೆಯ ಒಬ್ಬ ಸಜ್ಜನರು. ಅವರ ಹುದ್ದೆಯ ಹೆಸರು ಸೂಪರಿಂಟೆಂಡೆಂಟ್ ಅಂತ. ನಮ್ಮ ಬಾಯಲ್ಲಿ ಅದು ಸೂಪ್ರೆಂಟು ಆಗಿತ್ತು. ಕೆಟ್ಟವರಲ್ಲ. ಮೂವತ್ತು ನಲವತ್ತು ಹೊಟ್ಟೆ ತುಂಬಿಸುವ ಚಿಂತೆಯಲ್ಲೇ ಅವರ ಕೂದಲು ಉದುರಿಹೋಗಿತ್ತು. ಮದ್ದೂರಿನ ಸಂತೆ, ಮಳವಳ್ಳಿಯ ಸಂತೆ, ಎಲ್ಲಿ ಜನ ಸೇರಿದರೆ ಅಲ್ಲಿಗೆ ನಮ್ಮನ್ನು ಸಾಲಾಗಿ ಕರೆದುಕೊಂಡು ಹೋಗುತ್ತಿದ್ದರು. ನಾವು ಕೈ ಮುಗಿದುಕೊಂಡು, ‘ದಿಕ್ಕಿಲ್ಲದ ಪಾಪಿಗಳು ನಾವು’ ಅಂತ ಶುರುವಾಗುವ ಒಂದು ಹಾಡು ಹೇಳಬೇಕು. ಜನ ಜೋಳಿಗೆಗೆ ರಾಗಿಯೋ ಅವರೆಯೋ ಹಾಕುತ್ತಿದ್ದರು. ಆ ಹಾಡಿಗೆ ನಾವು ಮೊರೆ ಹಾಡು ಅಂತ ಹೆಸರಿಟ್ಟುಕೊಂಡಿದ್ದೆವು.

ಆ ಸಾಲಿನಲ್ಲಿ ನಾನು ಮೊದಲನೆಯವಳು. ಯಾಕೆ ಅಂದರೆ ನನಗೆ ಅಳು ಬೇಗ ಬರುತ್ತಿತ್ತು. ನಮ್ಮ ಊರುಗಳಲ್ಲಿ ಎಳೆಯ ಮಕ್ಕಳನ್ನು ಕಂಡರೆ ಹಿರಿಯರು ಕೇಳುವ ಮೊದಲನೇ ಮಾತು, “ಯಾರ ಮಗಳವ್ವ ನೀನು?” ಅಂತ. ಕೇಳುವವರಿಗೆ ಅದು ಬರೀ ಬಾಯಿಮಾತು. ಅದಕ್ಕೆ ‘ನನಗೆ ಯಾರೂ ಇಲ್ಲ’ ಅಂತ ಹೇಳಬೇಕು ಅಂತ ನಮಗೆ ಕಲಿಸಿದ್ದರು. ಹೇಳುವಾಗ ನನ್ನ ಕಣ್ಣು ತಾನಾಗಿ ತುಂಬುತ್ತಿತ್ತು. ಹೆಂಗಸರು ಸೆರಗಿನಲ್ಲಿ ಮೂಗು ಒರೆಸಿಕೊಂಡು ಇನ್ನೊಂದು ಬೊಗಸೆ ಹಾಕುತ್ತಿದ್ದರು. ನನ್ನ ಅಳುವಿನಿಂದ ಎಲ್ಲರಿಗೂ ಮುದ್ದೆ ಸಿಗುತ್ತದೆ ಅಂತ ನನಗೆ ಒಳಗೊಳಗೇ ಜಂಬ ಇತ್ತು. ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಮೇಷ್ಟ್ರು ಬಂದದ್ದು ಚಾಪೆ ಹೆಣೆಯುವುದನ್ನು ಕಲಿಸಲಿಕ್ಕೆ. ಮಳವಳ್ಳಿ ಕಡೆಯವರು, ಬಂಡೂರಿನಿಂದಲೂ ಆಚೆ ಒಂದು ಸಣ್ಣ ಹಳ್ಳಿ. ಎತ್ತರದ ಆಳು, ಎಡ ಭುಜ ಕೊಂಚ ಇಳಿದಿತ್ತು. ಯಾರೋ ಅಮಲ್ದಾರರು ಹಾಕಿ ಬಿಟ್ಟಿದ್ದ ಕರಿ ಕೋಟು, ಅದಕ್ಕೆ ಗುಂಡಿಯ ಬದಲು ಜಾಲಿಮುಳ್ಳು. ಮುಳ್ಳು ಮುರಿದರೆ ದಾರಿಯಲ್ಲೇ ಇನ್ನೊಂದು ಕಿತ್ತು ಚುಚ್ಚಿಕೊಳ್ಳುತ್ತಿದ್ದರು. ಬಂದ ದಿನ ನಾವು ಅಂಗಳದಲ್ಲಿ ಮೊರೆ ಹಾಡಿನ ಅಭ್ಯಾಸ ಮಾಡುತ್ತಿದ್ದೆವು. ಅವರು ಚಾಪೆಯ ಜೊಂಡಿನ ಹೊರೆ ಇಳಿಸಿ, ಬಂದು ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತರು.

“ಏನವ್ವ, ಕೈಯೊಳಗೆ ಏನ ಮುಚ್ಚಿಟ್ಕಂಡಿದ್ದೀಯೆ?”

ನಾನು ಏನೂ ಇಲ್ಲ ಅಂದೆ. ಅವರು ನನ್ನ ಎರಡೂ ಅಂಗೈ ಬಿಡಿಸಿ, ಒಳಗೆ ಬಗ್ಗಿ ನೋಡಿದರು.

“ದಿಟವಾಗ್ಲೂ ಏನೂ ಇಲ್ವಲ್ಲ! ಮತ್ಯಾಕೆ ಇಂಗೆ ಬಿಗಿಯಾಗಿ ಇಡ್ಕಂಡಿದ್ದೀಯೆ? ಯಾರಾದ್ರೂ ಕಸ್ಕತಾರೆ ಅಂತಲಾ?”

ಎಲ್ಲರೂ ನಕ್ಕರು. ನನಗೆ ಅವಮಾನವಾಯಿತು, ಅಳು ಬಂತು. “ಅಳಬ್ಯಾಡ, ಅದುಕ್ಕೆ ಇಲ್ಲಿ ರಾಗಿ ಆಕೋರು ಯಾರೂ ಇಲ್ಲ” ಅಂದರು. ಅಂದು, ಬರಿದಾದ ಕೈಗೆ ಒಂದು ಹಿಡಿ ಜೊಂಡು ಕೊಟ್ಟು ಎದ್ದು ಹೋದರು. ನಾನು ಅವತ್ತೆಲ್ಲ ಅವರಿಗೆ ಶಾಪ ಹಾಕಿದೆ.

ಚಾಪೆ ಅವರ ಹೊಟ್ಟೆಪಾಡು. ಜೀವ ಇದ್ದದ್ದು ಮೂಡಲಪಾಯದಲ್ಲಿ. ನಮ್ಮ ಕಡೆಯ ಬಯಲಾಟ ಅದು. ಮುಖವೀಣೆ, ಮದ್ದಲೆ, ತಾಳ, ಕಿರೀಟ, ಭುಜಕೀರ್ತಿ, ಎಲ್ಲ ಉಂಟು. ಅದರಲ್ಲಿ ಒಂದು ಕಟ್ಟಳೆ. ರಂಗಕ್ಕೆ ಎಂಥ ದೊಡ್ಡ ವೇಷ ಬರಲಿ, ಸಾರಥಿ ಅನ್ನುವವನು ಎದುರು ನಿಂತು, “ಬಂದಂಥವರು ತಾವು ಧಾರು? ಧಾವಲ್ಲಿಂದ ಬಂದಿರಿ?” ಅಂತ ಕೇಳಲೇಬೇಕು. ಯಾರು ಅನ್ನುವುದು ಅಲ್ಲಿ ಧಾರು, ಎಲ್ಲಿಂದ ಅನ್ನುವುದು ಧಾವಲ್ಲಿಂದ ಆಗುತ್ತದೆ. ಬಂದವನು ಎದೆ ಸೆಟೆಸಿ ತನ್ನ ಊರು, ಹೆಸರು, ಹುಟ್ಟು ಎಲ್ಲ ಹೇಳಿಕೊಳ್ಳಬೇಕು. ಹೇಳಿಕೊಳ್ಳದವನಿಗೆ ಕುಣಿತವಿಲ್ಲ. ಮೇಷ್ಟ್ರು ಹರೆಯದಿಂದಲೂ ತಮ್ಮೂರ ಮೇಳದಲ್ಲಿ ಸಾರಥಿ. ಅವರು ಬೇರೆ ವೇಷ ಕಟ್ಟಿದ್ದನ್ನು ಕಂಡವರಿಲ್ಲ.

ಬಂದು ಹದಿನೈದು ದಿನವಾಗಿರಬೇಕು. ಒಂದು ಬೆಳಿಗ್ಗೆ ಸೂಪ್ರೆಂಟು ಇಲ್ಲದ ಹೊತ್ತಿನಲ್ಲಿ ಹಾಜರಿ ತೆಗೆದುಕೊಳ್ಳುವ ಕೆಲಸ ಅವರಿಗೆ ಬಂತು. ಹಾಜರಿ ಪುಸ್ತಕದಲ್ಲಿ ತಂದೆಯ ಹೆಸರು ಬರೆಯುವ ಜಾಗದಲ್ಲಿ ನಮ್ಮೆಲ್ಲರಿಗೂ ಒಂದೊಂದು ಅಡ್ಡಗೆರೆ. ಮೇಷ್ಟ್ರು ಅದನ್ನು ಮೇಲಿಂದ ಕೆಳಗೆ ಬೆರಳಿಟ್ಟು ನೋಡಿದರು. ಪುಸ್ತಕ ಮುಚ್ಚಿದರು. ಎದ್ದು ನಿಂತು, ಆ ಇಳಿದ ಭುಜವನ್ನು ಎಲ್ಲಿಂದಲೋ ಮೇಲೆತ್ತಿ, ಗೋಡೆ ಅದುರುವಂಥ ದನಿಯಲ್ಲಿ, “ಬಂದಂಥವರು ತಾವು ಧಾರು?” ಅಂದರು. ಮುಂದೆ ಕೂತಿದ್ದ ಸಿದ್ದ ಅನ್ನುವ ಆರು ವರ್ಷದ ಹುಡುಗ ಹೆದರಿ ಗೋಡೆಗೆ ಅಂಟಿಕೊಂಡ.

“ಎದರ್ಕಬ್ಯಾಡ ಕಣ್ಲಾ. ಏಳು. ಏನ್ ಬೇಕಾದ್ರೂ ಏಳು. ಸುಳ್ಳಾದ್ರೂ ಏಳು. ‘ತಬ್ಬಲಿ’ ಅಂತ ಮಾತ್ರ ಅನ್ನಂಗಿಲ್ಲ. ಅಂದೋರಿಗೆ ಇವತ್ತು ಪಾಠ ಇಲ್ಲ.”

ಸಿದ್ದ ಯೋಚಿಸಿ, ತಾನು ಬಂಡೂರು ಕುರಿಗಳಿಗೆಲ್ಲ ಒಡೆಯ ಅಂದ. ಇನ್ನೊಬ್ಬ ರೈಲು ತನ್ನದು ಅಂದ. ನಾನು ಮೈಸೂರು ಅರಮನೆ ಆನೆಯ ಮಾವುತನ ಮಗಳಾದೆ. ಅವತ್ತಿನಿಂದ ಹಾಜರಿ ಅಂದರೆ ಅದೇ. ದಿನಾ ಬೆಳಿಗ್ಗೆ ಒಬ್ಬೊಬ್ಬರೂ ಎದ್ದು ನಿಂತು ಘೋಷಿಸಿಕೊಳ್ಳಬೇಕು. ಬರಬರುತ್ತಾ ಕುಣಿತ, ವೇಷ ಎಲ್ಲವನ್ನೂ ಕಲಿಸಲು ಶುರುಮಾಡಿದರು. ಅಡಿಗೆ ಮಾಡುತ್ತಿದ್ದ ಅಕ್ಕ ಸೌಟು ಹಿಡಿದು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

“ಎಣ್ಣೈಕ್ಳ ಕೈಲೂ ವೇಸ ಕಟ್ಟುಸ್ತೀರಾ ಮೇಷ್ಟ್ರೆ? ಎಲ್ಲಾದ್ರೂ ಉಂಟಾ?”

“ಇಲ್ಲಿ ಉಂಟು ಕಣಕ್ಕ.”

“ಜನ ಏನಂದಾರು?”

“ಈಗೇನ್ ವೊಗಳ್ತಾವ್ರಾ? ತಬ್ಬಲಿ ಮುಂಡೇವು ಅಂತಾವ್ರೆ. ಅದ್ಕಿಂತ ಇನ್ನೇನ್ ಅಂದಾರು, ಬುಡು.”

ಅದಾದ ಮೇಲೆ ಅಕ್ಕನೂ ಒಂದು ದಿನ ಸುಮ್ಮನೆ ತಮಾಷೆಗೆ ಅನ್ನುವಂತೆ ಬಂದು, ತಾನು ಧಾರು ಅಂತ ಹೇಳಿ ಹೋದಳು. ಏನು ಹೇಳಿದಳು ಅನ್ನುವುದು ನೆನಪಿಲ್ಲ. ಹೇಳಿದ ಮೇಲೆ ಅವಳು ಸೌಟು ಬಿಟ್ಟು ಹೋದದ್ದು ನೆನಪಿದೆ.

ಓದು ಬರಹವನ್ನು ಅವರು ಆಟದ ಬಾಗಿಲಿನಿಂದಲೇ ತಂದರು. ಓದಲು ಬಾರದವನಿಗೆ ವೇಷವಿಲ್ಲ ಅಂತ ಕಟ್ಟುಮಾಡಿದರು. ಮರಳಿನ ಮೇಲೆ ಮಾತುಗಳನ್ನು ಬರೆದು, ಓದಿದವನಿಗೆ ಆ ಮಾತು ಕೊಡುತ್ತಿದ್ದರು. ಕಿರೀಟದ ಮಾತಿಗಾಗಿ ಸಿದ್ದ ಎರಡು ತಿಂಗಳಲ್ಲಿ ಒತ್ತಕ್ಷರ ಕಲಿತ. ಕಿರೀಟವನ್ನೂ ನಾವೇ ಮಾಡಿದೆವು. ಕಾರ್ಖಾನೆಯ ಹಳೇ ಗೋಣಿತಟ್ಟಿಗೆ ಹುಣಿಸೆಬೀಜದ ಅಂಟು ಬಳಿದು, ಒಣಗಿಸಿ, ಕತ್ತರಿಸಿ, ಮೇಲೆ ಬೇಗಡೆ ಕಾಗದ ಹಚ್ಚುವುದು. ಗೆರೆ ಸೊಟ್ಟಗಾದರೆ ಮೇಷ್ಟ್ರು ಇಡೀ ಕಿರೀಟವನ್ನು ಹರಿದು ಬಿಸಾಕುತ್ತಿದ್ದರು. ಚೆನ್ನಾಗಿದೆ ಅಂತ ಅವರ ಬಾಯಲ್ಲಿ ಒಂದು ಸಲವೂ ಕೇಳಲಿಲ್ಲ. ತೀರ ಮೆಚ್ಚಿದರೆ, ನಶ್ಯದ ಡಬ್ಬಿ ತೆಗೆದು ಒಂದು ಚಿಟಿಕೆ ಏರಿಸಿ, ಬೇರೆ ಕಡೆ ನೋಡುತ್ತಿದ್ದರು. ನಾವು ಆ ಚಿಟಿಕೆಗಾಗಿ ಸಾಯುತ್ತಿದ್ದೆವು.

ನಮ್ಮ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ ಅಂತ ಸೂಪ್ರೆಂಟಿಗೆ ಬೇಸರ. ಹಾಲು ಅನ್ನಿ, ಹಳ್ಳಿ ಅನ್ನಿ ಅಂತ ತಿದ್ದಿ ತಿದ್ದಿ ಸಿದ್ದನಿಗೆ ಗಾಬರಿ ಹತ್ತಿತ್ತು. ರಂಗಕ್ಕೆ ಬಂದು, “ನಾನು ಹರಸ! ಹಾನೆಗಳ ಹೊಡೆಯ!” ಅಂದ. ಅರಸ, ಆನೆ, ಒಡೆಯ ಮೂರಕ್ಕೂ ಹಕಾರ ಹೇರಿ ಬೆನ್ನು ಮುರಿದಿದ್ದ.

“ಲೇ, ಇಲ್ದೇ ಇರೋ ಕಡೆ ಯಾಕ್ಲಾ ತುರುಕ್ತೀಯೆ?” ಅಂದರು ಮೇಷ್ಟ್ರು. “ಆನೆ ಬಡಿಯೋನ್ ಥರ ಕಾಣ್ತೀಯಾ ನೀನು?”

ತಮಾಷೆ ಅಂದರೆ, ಮೇಷ್ಟ್ರ ಬಾಯಲ್ಲೂ ಹಕಾರ ಇರಲಿಲ್ಲ. ಸಾರಥಿಯಾಗಿ ನಿಂತಾಗ ಮಾತ್ರ ಎಲ್ಲ ಅಕ್ಷರಗಳೂ ಬಂದು ತಮ್ಮ ತಮ್ಮ ಜಾಗದಲ್ಲಿ ಕೂತುಕೊಳ್ಳುತ್ತಿದ್ದವು. ಆಟ ಮುಗಿದ ಮರುಗಳಿಗೆ, “ಒಟ್ಟೆ ಅಸೀತದೆ, ಏನೈತಕ್ಕ?” ಅಂತ ಅಡಿಗೆಮನೆಗೆ ನುಗ್ಗುತ್ತಿದ್ದರು.

ಸಿದ್ದ ಒಮ್ಮೆ ಬಾಯಿ ತಪ್ಪಿಯೋ ಬೇಕೆಂತಲೋ ಅವರನ್ನು ‘ಅಪ್ಪ’ ಅಂದುಬಿಟ್ಟ. ಮೇಷ್ಟ್ರ ಮುಖ ಕೆಂಪಾಯಿತು. “ನಾನ್ ನಿಮ್ಮಪ್ಪ ಅಲ್ಲ ಕಣ್ಲಾ. ನಿಮ್ಮಪ್ಪ ಬ್ಯಾರೆ ಅವ್ನೆ. ಸತ್ತಿದ್ರೂ ಅವ್ನೆ. ಅವನ ಜಾಗದಾಗೆ ನನ್ನ ಕೂರುಸ್ಬ್ಯಾಡ” ಅಂದರು. ಹುಡುಗ ಸಪ್ಪಗಾದ. ನನಗೆ ಆಗ ಇವರದು ಕಲ್ಲು ಮನಸ್ಸು ಅನ್ನಿಸಿತು. ಅವರು ಹಾಗಂದದ್ದು ಯಾಕೆ ಅಂತ ಗೊತ್ತಾದದ್ದು ಬೇಸಿಗೆ ರಜೆಯಲ್ಲಿ.

ರಜೆ ಬಂದರೆ ಮೇಷ್ಟ್ರು ಊರಿಗೆ ಹೋಗುತ್ತಿರಲಿಲ್ಲ. ಅನಾಥಾಲಯದ ಪುಸ್ತಕದಿಂದ ನಮ್ಮ ನಮ್ಮ ಹಳ್ಳಿಗಳ ಹೆಸರು ಬರೆದುಕೊಂಡು, ಬಿಸಿಲಲ್ಲಿ ನಡೆದುಕೊಂಡು ಒಂದೊಂದಕ್ಕೂ ಹೋಗುತ್ತಿದ್ದರು. ಅರಳಿಕಟ್ಟೆಯಲ್ಲಿ ಕೂತು, ಇಂಥ ಮಗುವಿನ ಅಪ್ಪ ಏನು ಮಾಡುತ್ತಿದ್ದ, ಅವ್ವನಿಗೆ ಏನು ಬರುತ್ತಿತ್ತು ಅಂತ ಕೇಳುತ್ತಿದ್ದರು. ಕೆಲವು ಕಡೆ ಅವರ ಜಾತಿ ಕೇಳಿ ಆಮೇಲೆ ನೀರು ಕೊಟ್ಟರು, ಕೆಲವು ಕಡೆ ಕೊಡಲೇ ಇಲ್ಲ. ಒಬ್ಬೊಬ್ಬರಿಗೂ ಒಂದೊಂದು ಸುದ್ದಿ ತಂದರು. ಸಿದ್ದನ ಅಪ್ಪ ಮೂರು ಊರಿಗೆ ಹೆಸರಾದ ಈಜುಗಾರ, ಬಾವಿಗೆ ಬಿದ್ದ ಬಿಂದಿಗೆ ತೆಗೆದುಕೊಡುತ್ತಿದ್ದನಂತೆ. ನನ್ನನ್ನು ಹುಣಿಸೆಮರದ ಕೆಳಗೆ ಕರೆದು ಕೂರಿಸಿಕೊಂಡರು.

“ನಿಮ್ಮಪ್ಪ ಚಿಕ್ಕಯ್ಯ ನಾಲೆ ಅಗೆಯೋಕೆ ಓಗಿದ್ದ ಕಣವ್ವ. ಎರಡು ವರ್ಷ ಗುದ್ಲಿ ಇಡಿದವ್ನೆ. ನಿಮ್ಮವ್ವ ಕೆಂಪಮ್ಮ ನಾಟಿಗೆ ಇಳುದ್ರೆ ಪದ ನಿಲ್ಲುಸ್ತಿರ್ಲಿಲ್ವಂತೆ. ಆ ಯಮ್ಮ ಆಡ್ತಾಳೆ ಅಂತ ಪಕ್ಕದ ಗದ್ದೆ ಆಳುಗಳೂ ಇಲ್ಲೇ ಬತ್ತಿದ್ರಂತೆ.”

ನನಗೆ ಖುಷಿಯಾಗಲಿಲ್ಲ. ಮಾವುತನ ಮಗಳಾಗಿ ಒಂದು ವರ್ಷ ಮೆರೆದವಳು, ಈಗ ಮಣ್ಣು ಅಗೆಯುವವನ ಮಗಳಾಗಬೇಕಿತ್ತು. “ನನಗೆ ಆನೇನೇ ಇರಲಿ” ಅಂದೆ. ಮೇಷ್ಟ್ರು ಬಲವಂತ ಮಾಡಲಿಲ್ಲ. “ಇಟ್ಕೊ. ಆನೆ ನಿನ್ನ ಬುಟ್ಟು ಓದಾಗ ಇದು ಇರ್ತದೆ” ಅಂದು ಎದ್ದರು. ನಾನು ಅದನ್ನು ಯಾರಿಗೂ ಹೇಳಲಿಲ್ಲ. ಆದರೆ ಮಲಗುವಾಗ ಚಿಕ್ಕಯ್ಯ, ಕೆಂಪಮ್ಮ ಅಂತ ಬಾಯೊಳಗೇ ಅಂದುಕೊಂಡು ನೋಡುತ್ತಿದ್ದೆ.

ಯುದ್ಧದ ಕಾಲ ಬಂತು. ಕಾಳುಕಡ್ಡಿಗೆ ತತ್ವಾರ ಬಂತು. ಸಂತೆಯಲ್ಲಿ ನಿಂತರೂ ಜೋಳಿಗೆಯ ತಳ ಮುಚ್ಚುತ್ತಿರಲಿಲ್ಲ. ಮದ್ದೂರಿನ ಹತ್ತಿರ ಶಿಂಷೆಯಾಚೆ ಒಂದು ಹಳ್ಳಿಯ ಪಟೇಲರು ವರ್ಷಾ ವರ್ಷಾ ಗಾಡಿ ತುಂಬ ರಾಗಿ ಕೊಡುತ್ತಿದ್ದರು. ಸುಗ್ಗಿ ಮುಗಿದ ಮೇಲೆ ಅವರ ಕಣದಲ್ಲಿ ಊರ ಜನ ಸೇರಿದಾಗ ನಾವು ಹೋಗಿ ಮೊರೆ ಹಾಡು ಹೇಳುವುದು ವಾಡಿಕೆ. ಆ ವರ್ಷ ಅದೊಂದೇ ದಾರಿ ಉಳಿದಿತ್ತು. ನಾವು ಕಿರೀಟ ಕಟ್ಟಿ ಆಡುವ ಸುದ್ದಿ ಆ ಊರಿಗೆ ಆಗಲೇ ಮುಟ್ಟಿತ್ತು. ಯಾವ ಕುಲದವೋ ಏನೋ, ಅವು ಅರಸನ ವೇಷ ಹಾಕುವುದೇ ಅಂತ ಕೆಲವರು ಗೊಣಗಿದ್ದರಂತೆ.

ಹೋಗುವ ಹಿಂದಿನ ದಿನ ಆಫೀಸು ಕೋಣೆಯಲ್ಲಿ ಮಾತಾಯಿತು. ನಾನು ಹೊರಗೆ ಜಗಲಿ ಗುಡಿಸುತ್ತಿದ್ದೆ.

“ಮೇಷ್ಟ್ರೆ, ನಾಳೆ ಹಾಡು ಮಾತ್ರ. ಆಟ ಬೇಡ.”

“ಸಾಮಿ, ಮಕ್ಕಳು ಈ ಆಟವ ಎಂಟು ತಿಂಗಳಿಂದ ಕಲ್ತವೆ. ಬೆಳಕಿನಾಗೆ ಮುಖ ಕಾಣಂಗೆ ಆಡ್ತವೆ. ಆಡಿ, ಅದುಕ್ಕೆ ಕೊಟ್ರೆ ತಕ್ಕಳನ.”

“ಕೊಡದಿದ್ದರೆ? ಮಾನ ಮರ್ಯಾದೆ ಬೇಯಿಸಿ ಬಡಿಸಲಿಕ್ಕಾಗುತ್ತದೆಯೇನ್ರಿ?”

“ಆಗಲ್ಲ ಸಾಮಿ. ಆದ್ರೆ ಅದ ಕಳ್ಕಂಡು ಉಂಡ ಮುದ್ದೆ ಮೈಗೆ ಅತ್ತಾಕಿಲ್ಲ. ನಾನೇ ನೋಡಿವ್ನಿ, ಆ ಮಗ ಅಳ್ತಾ ಅಳ್ತಾ ಬೆಳೀತಾ ಅದೆ.”

ಆ ಮಗ ಅಂದರೆ ನಾನು. ಪೊರಕೆ ಹಿಡಿದ ಕೈ ಹಾಗೇ ನಿಂತಿತು.

“ಇದು ಕೊನೇ ಮಾತು,” ಅಂದರು ಸೂಪ್ರೆಂಟು. “ನಾಳೆ ಅಲ್ಲಿ ಆಟ ನಡೆದರೆ, ನೀವು ಅಲ್ಲಿಂದಲೇ ನಿಮ್ಮೂರ ದಾರಿ ಹಿಡಿಯಬೇಕು.”

“ಆಗ್ಲಿ ಸಾಮಿ.”

ಮರುದಿನ ಗಾಡಿಯಲ್ಲಿ ನಾನು ಅವರ ಪಕ್ಕ ಕೂತೆ. ವೈದ್ಯನಾಥಪುರ ದಾಟಿತು, ಹೊಳೆ ಕಂಡಿತು. ಆಮೇಲೆ ಕೇಳಿದೆ.

“ಮೇಷ್ಟ್ರೆ, ನಾನು ಅತ್ತುಬುಡ್ಲಾ? ಅತ್ರೆ ನೀವು ಇಲ್ಲೇ ಇರ್ಬೌದಲ್ವಾ?”

ಅವರು ಕೋಟಿನ ಮುಳ್ಳನ್ನು ಸರಿಮಾಡಿಕೊಂಡರು. “ಕಣ್ಣು ನಿಂದು, ನೀರು ನಿಂದು. ಅವ್ವ ನೆನಪಾದ್ಲು ಅಂತ ಅಳು, ಬ್ಯಾಡ ಅನ್ನಲ್ಲ. ನನ್ನ ಕೆಲಸ ಉಳಿಸಾಕೆ ಅಂತ ಏನಾದ್ರೂ ಅತ್ತೀಯೋ, ಆಮ್ಯಾಕೆ ನಿನ್ನ ಮಾತಾಡ್ಸಾಕಿಲ್ಲ ಕಣವ್ವ.”

ನನಗೆ ಆಗ ಹನ್ನೆರಡು ವರ್ಷವೂ ತುಂಬಿರಲಿಲ್ಲ. ಆ ವಯಸ್ಸಿನವಳ ಮೇಲೆ ಹೊರಿಸುವ ಹೊರೆಯೇ ಅದು ಅಂತ ಈಗಲೂ ಒಮ್ಮೊಮ್ಮೆ ಮನಸ್ಸಿನಲ್ಲೇ ಅವರ ಜೊತೆ ಜಗಳ ತೆಗೆಯುತ್ತೇನೆ. ಅತ್ತರೆ ಗಾಡಿ ತುಂಬ ರಾಗಿ, ಮೇಷ್ಟ್ರ ಕೆಲಸವೂ ಉಳಿಯುತ್ತದೆ. ಅಳದಿದ್ದರೆ ಎರಡೂ ಹೋಗುತ್ತವೆ.

ಕಣದ ಸುತ್ತ ಭತ್ತದ ಮೆದೆಗಳು ಆಳೆತ್ತರ ನಿಂತಿದ್ದವು. ನಡುವೆ ಮಂಚ ಹಾಕಿಕೊಂಡು ಪಟೇಲರು ಕೂತಿದ್ದರು. ದಪ್ಪ ಮೀಸೆ, ಹಸನ್ಮುಖ. ಸುತ್ತ ಊರೇ ನೆರೆದಿತ್ತು. ಸೂಪ್ರೆಂಟು ನಮ್ಮನ್ನು ಸಾಲಾಗಿ ನಿಲ್ಲಿಸಿ, ನನ್ನ ಬೆನ್ನು ಮುಟ್ಟಿ ಮುಂದಕ್ಕೆ ನೂಕಿದರು. ನನ್ನ ಕೈಗಳು ರೂಢಿಯಂತೆ ಮುಗಿದುಕೊಂಡವು. ಮೇಷ್ಟ್ರು ಗಾಡಿಯ ಹತ್ತಿರ, ಟವಲಿನಲ್ಲಿ ಸುತ್ತಿದ ತಾಳ ಕಂಕುಳಲ್ಲಿಟ್ಟುಕೊಂಡು ಬೇರೆ ಎಲ್ಲೋ ನೋಡುತ್ತಿದ್ದರು. ಒಂದು ಸನ್ನೆಯನ್ನೂ ಮಾಡಲಿಲ್ಲ.

ಪಟೇಲರು ಅಕ್ಕರೆಯಿಂದಲೇ ಕೇಳಿದರು, “ಯಾರ ಮಗಳವ್ವ ನೀನು?”

ಕಣ್ಣು ತುಂಬಿತು. ನನಗೆ ಯಾರೂ ಇಲ್ಲ ಅನ್ನುವ ಮಾತು ನಾಲಿಗೆಯ ತುದಿಗೆ ಬಂತು. ಅದೇ ಹೊತ್ತಿಗೆ ಅದು ಸುಳ್ಳು ಅಂತ ನನಗೆ ಹೊಳೆಯಿತು. ಮಾವುತನ ಮಗಳು ಅನ್ನುವುದಕ್ಕಿಂತಲೂ ದೊಡ್ಡ ಸುಳ್ಳು. ಚಿಕ್ಕಯ್ಯ, ಕೆಂಪಮ್ಮ ಇಬ್ಬರೂ ನನ್ನ ಬಾಯೊಳಗೇ ಇದ್ದರು. ಅವರಿಲ್ಲ ಅಂತ ಇಷ್ಟು ವರ್ಷ ಊರೂರಿಗೆ ಸಾರಿಕೊಂಡು ಬಂದವಳು ನಾನು. ಮುಗಿದ ಕೈ ನಾನೇ ಬಿಡಿಸಿಕೊಂಡೆ.

“ಅಂಗಲ್ಲ ಗೌಡ್ರೆ,” ಅಂದೆ. “ಯಾರು ಅಲ್ಲ. ಧಾರು ಅಂತ ಕೇಳ್ಬೇಕು.”

ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಕಣವೆಲ್ಲ ನಕ್ಕಿತು. ಮೂಡಲಪಾಯ ನೋಡದವರು ಆ ಊರಲ್ಲಿ ಯಾರಿದ್ದರು? ಪಟೇಲರೂ ನಕ್ಕರು. ಹುರುಪಿನಿಂದ ಮೀಸೆ ತೀಡಿ, ಮಂಚದ ಮೇಲೇ ನೆಟ್ಟಗೆ ಕೂತು, ಸಾರಥಿಯ ರಾಗದಲ್ಲಿ ಕೇಳಿದರು.

“ಬಂದಂಥವರು ತಾವು ಧಾರು? ಧಾವಲ್ಲಿಂದ ಬಂದಿರಿ?”

“ಕೇಳು ಸಾರಥೀ!” ಅಂದೆ. ನನ್ನ ದನಿ ನನಗೇ ಹೊಸದಾಗಿತ್ತು. “ಎರಡು ವರುಷ ಗುದ್ದಲಿ ಹಿಡಿದು ಈ ನಾಡಿಗೆ ನಾಲೆಯ ನೀರನ್ನು ಕರೆತಂದ ಚಿಕ್ಕಯ್ಯನ ಮಗಳು ನಾನು! ನಾಟಿಯ ಗದ್ದೆಯಲ್ಲಿ ಪದ ನಿಲ್ಲಿಸದ ಕೆಂಪಮ್ಮನ ಮಗಳು! ನಿನ್ನ ಕಣದಲ್ಲಿ ನಿಂತಿರುವ ಈ ಮೆದೆಗಳು ನನ್ನಪ್ಪ ತಂದ ನೀರು ಕುಡಿದು ಬೆಳೆದವು ಸಾರಥೀ! ನಾನು ಬೇಡಲು ಬಂದವಳಲ್ಲ, ಆಡಲು ಬಂದಿದ್ದೇನೆ!”

ನಗು ನಿಂತುಹೋಯಿತು. ಗಾಡಿಯ ಕಡೆಯಿಂದ ತಾಳ ಝಣ್ ಅಂತ ಬಿತ್ತು. ನೋಡಿದರೆ ಮೇಷ್ಟ್ರು ಟವಲು ಕೆಳಗೆ ಬಿಟ್ಟು, ತಾಳ ಹಾಕಿಕೊಂಡು ಕಣದೊಳಕ್ಕೆ ಬರುತ್ತಿದ್ದರು. “ಎಣ್ಮಗೀಗೆ ಏನ್ ಬಾಯಿ ನೋಡ್ಲಾ!” ಅಂತ ಯಾರೋ ಹಿಂದಿನಿಂದ ಕೂಗಿದರು. ಪಟೇಲರ ಮುಖದಲ್ಲಿ ನಗು ಇರಲಿಲ್ಲ. ಮೆದೆಗಳ ಕಡೆಗೆ ಒಮ್ಮೆ ನೋಡಿದರು. “ಬಂದದ್ದಾಯ್ತಲ್ಲ, ಆಡಿ” ಅಂದರು, ಅಷ್ಟೆ. ಸಿದ್ದ ಗೋಣಿತಟ್ಟಿನ ಕಿರೀಟ ಇಟ್ಟುಕೊಂಡು ಓಡಿ ಬಂದ. ಅರಸ ಅಂತ ಸರಿಯಾಗಿ ಅಂದ.

ಆಟ ಮುಗಿಯಿತು. ಪಟೇಲರು ಎದ್ದು ಮನೆಗೆ ಹೋದರು. ಗಾಡಿ ಬರಿದಾಗಿಯೇ ತಿರುಗಿತು. ಮೇಷ್ಟ್ರು ಸೂಪ್ರೆಂಟಿಗೆ ಏನೂ ಹೇಳುವ ಕೆಲಸ ಕೊಡಲಿಲ್ಲ. ತಾಳವನ್ನು ತಂದು ನನ್ನ ಕೈಗೆ ಕೊಟ್ಟರು. ನಾನು ದುಃಖ ತಡೆಯಲಾರದೆ ಅವರಿಗೆ ಕೈ ಮುಗಿಯಲು ಹೋದೆ. ತಾಳ ಇದ್ದ ಕೈ ಮುಗಿಯಲಿಲ್ಲ. ಅವರು ನಶ್ಯದ ಡಬ್ಬಿ ತೆಗೆದು, ಒಂದು ಚಿಟಿಕೆ ಏರಿಸಿ, ಬೇರೆ ಕಡೆ ನೋಡಿದರು. ಆಮೇಲೆ ಮಳವಳ್ಳಿ ದಾರಿ ಹಿಡಿದು ನಡೆದುಬಿಟ್ಟರು.

ಎಷ್ಟೋ ದಿನ ನಮಗೆ ಅಂಬಲಿಯೇ ಗತಿಯಾಯಿತು. ಅಕ್ಕ ಬಡಿಸುವಾಗಲೆಲ್ಲ, “ಚಿಕ್ಕಯ್ಯನ ಮಗಳೇ, ಕುಡಿಯವ್ವ ನಿಮ್ಮಪ್ಪ ತಂದ ನೀರ” ಅಂತ ಕುಟುಕುತ್ತಿದ್ದಳು. ಆದರೆ ಮುಂದಿನ ಸಂತೆಗೆ ಸಾಲಾಗಿ ನಿಲ್ಲಿಸಿದಾಗ ಮೊರೆ ಹಾಡಿಗೆ ಒಬ್ಬರೂ ಬಾಯಿ ತೆರೆಯಲಿಲ್ಲ. ಸೂಪ್ರೆಂಟು ಗದರಿದರು, ಬೇಡಿಕೊಂಡರು, ಕೊನೆಗೆ ಕೊಡೆ ಮಡಿಸಿಕೊಂಡು ಕೂತುಬಿಟ್ಟರು. ನಾನು ತಾಳ ಹಾಕಿದೆ, ಸಿದ್ದ ‘ಧಾರು’ ಅಂದ. ಸಂತೆ ನಿಂತು ನೋಡಿತು. ಯುಗಾದಿಗೆ ಮುಂಚೆ ಪಟೇಲರ ಆಳು ರಾಗಿ ಹೇರಿಕೊಂಡು ಬಂದ. ತಬ್ಬಲಿಗಳಿಗೆ ಅಂತ ಕಳಿಸಿದ್ದಲ್ಲ, ಆಟದವರಿಗೆ ಕಳಿಸಿದ್ದು ಅಂತ ಹೇಳಬೇಕೆಂದು ಅವನಿಗೆ ಅಪ್ಪಣೆಯಾಗಿತ್ತು. ಮೇಷ್ಟ್ರಿಗೆ ಹೇಳಿ ಕಳಿಸಿದೆವು, ಬನ್ನಿ ಅಂತ. ಅವರು ಬರಲಿಲ್ಲ. ನೀವೇ ಆಡುತ್ತಿದ್ದೀರಲ್ಲ, ನಾನ್ಯಾಕೆ ಅಂದರಂತೆ. ತಮ್ಮೂರಲ್ಲಿ ದನದ ಕೊಟ್ಟಿಗೆ ತೆರವು ಮಾಡಿ, ಶಾಲೆಗೆ ಸೇರಿಸಿಕೊಳ್ಳದ ಮಕ್ಕಳನ್ನು ಕೂರಿಸಿಕೊಂಡು ಮರಳ ಮೇಲೆ ಬರೆಸುತ್ತಿದ್ದರು ಅಂತ ಸುದ್ದಿ ಬರುತ್ತಿತ್ತು.

ಅವರು ತೀರಿಹೋದದ್ದು ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ, ಅದೂ ಆ ಹಬ್ಬ ಕಳೆದು ತಿಂಗಳಾಗುವ ಮೊದಲು. ನಾನು ಆಗ ಅನಾಥಾಲಯದಲ್ಲೇ ಚಿಕ್ಕ ಮಕ್ಕಳಿಗೆ ಅಕ್ಷರ ಹೇಳಿಕೊಡುತ್ತಿದ್ದೆ. ಮಳವಳ್ಳಿಯವರೆಗೆ ಬಸ್ಸು, ಅಲ್ಲಿಂದ ನಡಿಗೆ. ಕೊಟ್ಟಿಗೆಯ ಬಾಗಿಲಿಗೆ ಕಟ್ಟಿದ್ದ ಕಾಗದದ ಬಾವುಟಗಳು ಮಳೆಗೆ ಬಣ್ಣ ಬಿಟ್ಟಿದ್ದವು. ಅವರನ್ನು ಜಗಲಿಯ ಮೇಲೆ, ಅವರೇ ಹೆಣೆದ ಚಾಪೆಯಲ್ಲಿ ಮಲಗಿಸಿದ್ದರು. ಕೋಟಿಗೆ ಮುಳ್ಳು ಹಾಗೇ ಇತ್ತು. ಬಂದವರೆಲ್ಲ ಕೈ ಮುಗಿದರು. ನಾನು ಮುಗಿಯಲಿಲ್ಲ. ಅವರ ನೆಂಟರ ಪೈಕಿ ಒಬ್ಬ ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದಳು, “ಯಾರ ಮಗಳವ್ವ ನೀನು? ಸತ್ತೋರಿಗೆ ಏನಾಗ್ಬೇಕು?”

“ನಾಲೆ ಅಗೆದ ಚಿಕ್ಕಯ್ಯನ ಮಗಳು. ನಾಟಿ ಪದದ ಕೆಂಪಮ್ಮನ ಮಗಳು. ಇವರ ಹತ್ತಿರ ಓದಿದವಳು” ಅಂದೆ. ಅಂದು, ಕೈ ಕೆಳಗೆ ಬಿಟ್ಟುಕೊಂಡು ಮನಸ್ಸು ತುಂಬ ಅತ್ತೆ. ಆ ಅಳು ನನ್ನದು. ಯಾರ ಜೋಳಿಗೆಗೂ ಸೇರಿದ್ದಲ್ಲ.

ಅಂಥವರ ಚಿತ್ರ ಬಿಡಿಸಿದವರು, ಕೈ ಬಿಡಿಸಲಿಲ್ಲವಲ್ಲ! ಮದ್ದೂರಿನ ಆ ಸಭೆಯ ಕಾರ್ಯದರ್ಶಿಗೆ ಇವತ್ತು ಬೆಳಿಗ್ಗೆ ಕಾಗದ ಹಾಕಿದ್ದೇನೆ. ಚಿತ್ರವನ್ನು ಇಳಿಸಿ ಕಲಾವಿದರಿಗೆ ವಾಪಸು ಕೊಡಿ, ಆ ಎರಡು ಕೈ ಬಿಡಿಸಿ ತಾಳ ಹಿಡಿಸಲಿ, ಕಣ್ಣಿನ ಕರುಣೆಯನ್ನೂ ಅಳಿಸಲಿ ಅಂತ ಬರೆದಿದ್ದೇನೆ. ಆಗುವುದಿಲ್ಲ ಅಂದರೆ ನಾನೇ ಬಂದು ಇಳಿಸುತ್ತೇನೆ ಅಂತಲೂ ಬರೆದಿದ್ದೇನೆ. ಹೀಗೆಲ್ಲ ಬರೆಯಲು ನೀವು ಯಾರು ಅಂತ ಅವರು ಕೇಳಬಹುದು. ಕೇಳುವುದಾದರೆ ಧಾರು ಅಂತ ಕೇಳಲಿ. ಕೆಳಗೆ ಸಹಿ ಹಾಕಿದ್ದೇನೆ: ಚಿಕ್ಕಯ್ಯನ ಮಗಳು, ಕೆಂಪಮ್ಮನ ಮಗಳು.